ಮೆಷಿನ್ ಸದ್ದಿನಲ್ಲಿ ಕೇಳಿಸಲಿಲ್ಲ

ಜೂನ್ 4

ಪ್ರೀತಿಯ ಅಣ್ಣನಿಗೆ,

ಅತ್ತೆಯ ಸೊಂಟದ ಮೂಳೆ ಕೂಡಿಕೊಂಡಿದೆ ಎಂದು ಡಾಕ್ಟರು ಹೇಳಿದರು. ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ. ಬಚ್ಚಲಿಗೆ ಹೋಗಲು ಮಾತ್ರ ನನ್ನ ಹೆಗಲು ಬೇಕು. ಇವರ ರೈಲು ಗಾರ್ಡಿನ ಡ್ಯೂಟಿ ನಿನಗೆ ಗೊತ್ತೇ ಇದೆ, ಮನೆಯಲ್ಲಿರುವುದು ವಾರಕ್ಕೆ ಮೂರು ದಿನ. ಉಳಿದಂತೆ ನಾನು, ಅತ್ತೆ, ನನ್ನ ಹೊಲಿಗೆ ಯಂತ್ರ.

ನೀನು ಅಣ್ಣನೂ ಹೌದು, ಚರ್ಚಿನ ಸಭಾಪಾಲಕನೂ ಹೌದು. ಇದನ್ನು ಅಣ್ಣನಿಗೆ ಬರೆಯುತ್ತಿದ್ದೇನೆ.

ಅತ್ತೆ ಬಿದ್ದ ದಿನ ನಾನು ಶಾಲೆಯ ಮಕ್ಕಳ ನಲವತ್ತು ಸ್ಕರ್ಟು ಹೊಲಿದು ಮುಗಿಸಬೇಕಿತ್ತು. ಅವರಿಗೆ ಆಗ ಬರೀ ಮಂಡಿನೋವು. ಬೆಳಗಿನಿಂದ ಹನ್ನೊಂದು ಸಲ ಕರೆದಿದ್ದರು. ಕಿಟಕಿ ತೆಗೆ, ಕಿಟಕಿ ಹಾಕು, ಕನ್ನಡಕ ಎಲ್ಲಿ. ಕನ್ನಡಕ ಮೂಗಿನ ಮೇಲೇ ಇತ್ತು. ಹನ್ನೆರಡನೆಯ ಸಲ ಕರೆದಾಗ ಯಂತ್ರ ನಿಂತಿತ್ತು, ದಾರ ಬದಲಿಸುತ್ತಿದ್ದೆ. ಕರೆದದ್ದು ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿದ ಮೇಲೆ ಪೆಡಲ್ ತುಳಿದೆ. ಜೋರಾಗಿ ತುಳಿದೆ. ಬಟ್ಟೆಯನ್ನೂ ಸರಿಯಾಗಿ ಇಟ್ಟಿರಲಿಲ್ಲ. ಕೇಳಿಸಲಿಲ್ಲ ಎಂದು ಆಮೇಲೆ ಹೇಳುವುದಕ್ಕೆ ನನಗೆ ಸದ್ದು ಬೇಕಿತ್ತು, ಅಷ್ಟೇ.

ಅವರು ತಾವೇ ಎದ್ದರು, ಬಿದ್ದರು. ಬಿದ್ದ ಸದ್ದೂ ಕೇಳಿಸಿತು ಅಣ್ಣ. ಆ ಹೊಲಿಗೆಯನ್ನು ತುದಿ ಮುಟ್ಟಿಸಿ, ದಾರ ಕತ್ತರಿಸಿ, ಆಮೇಲೆ ಎದ್ದೆ.

ನೋಡಲು ಬಂದವರಿಗೆಲ್ಲ ಅತ್ತೆ ಒಂದೇ ಮಾತು ಹೇಳುತ್ತಾರೆ: "ಪಾಪ, ಅವಳದೇನೂ ತಪ್ಪಿಲ್ಲ. ಮೆಷಿನ್ ಸದ್ದಲ್ಲಿ ಕೇಳಿಸ್ಲಿಲ್ಲ." ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸಮಾರ್ಯದವನ ಕಥೆಯಲ್ಲಿ ಗಾಯಗೊಂಡವನನ್ನು ಕಂಡೂ ಯಾಜಕನು ಆಚೆ ಬದಿಗೆ ಸರಿದು ಹೋದ, ದೇವಾಲಯದ ಸೇವೆಯ ಲೇವಿಯನೂ ಹೋದ. ಅವರಿಗಾದರೂ ಹೋಗಲು ಒಂದು ದಾರಿ ಇತ್ತು. ನಾನು ಕೂತಲ್ಲೇ ಕೂತು ಹಾದುಹೋದೆ.

ಅತ್ತೆಗೆ ಹೇಳಬೇಕು. ನಾನೇ ಹೇಳಬೇಕು. ದಿನಾ ಅವರ ತಲೆ ಬಾಚುವಾಗ ಮಾತು ಬಾಯಿಯ ತನಕ ಬರುತ್ತದೆ, ಮತ್ತೆ ನುಂಗುತ್ತೇನೆ. ಇನ್ನೊಂದಿಷ್ಟು ದಿನ ಬೇಕು. ಅಲ್ಲಿಯ ತನಕ ಯಾರಿಗೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತಿತ್ತು, ಅದಕ್ಕೆ ನಿನಗೆ ಬರೆದೆ. ಓದಿ ಹರಿದುಹಾಕು.

ನಿನ್ನ ಸೂಜಿ


ಜೂನ್ 15

ನನ್ನ ಸೂಜಿಗೆ,

ಓದಿದೆ. ಎರಡು ಸಲ ಓದಿದೆ. ಹರಿದು ಒಲೆಗೇ ಹಾಕಿದೆ, ನಿಶ್ಚಿಂತೆಯಿಂದಿರು. ನೀನು ಕೆಟ್ಟವಳಲ್ಲ. ದಣಿದವಳು. ದಣಿವಿಗೂ ಪಾಪಕ್ಕೂ ನಡುವಿನ ಗೋಡೆ ತೀರಾ ತೆಳ್ಳಗೆ, ಅದು ನನಗೂ ಗೊತ್ತು. ಅತ್ತೆಗೆ ಹೇಳುವ ಗಳಿಗೆಯನ್ನು ಕರ್ತನೇ ತೋರಿಸುತ್ತಾನೆ. ಯಾರೂ ನಿನ್ನನ್ನು ಹಿಂದಿನಿಂದ ನೂಕಬಾರದು, ನಾನು ಕೂಡ.

ಇಲ್ಲಿ ನನ್ನ ತಲೆಗೆ ಹೊಸ ಹೊರೆ. ನಮ್ಮ ವಲಯದಲ್ಲಿ ಸಭಾಪಾಲಕರಿಲ್ಲದ ಸಣ್ಣ ಸಭೆಗಳು ಇಪ್ಪತ್ತಾರು. ಅಲ್ಲಿ ಭಾನುವಾರ ಓದಿ ಹೇಳಲು ವಾರವಾರ ಒಂದು ಪಾಠ ಬರೆದು ಅಚ್ಚು ಹಾಕಿಸಿ ಕಳಿಸಬೇಕಂತೆ. ಸುವಾರ್ತೆಯ ಒಂದು ಭಾಗ, ದಿನಬಳಕೆಯ ಒಂದು ಉದಾಹರಣೆ. ಸುವಾರ್ತೆಗೇನೂ ಬರವಿಲ್ಲ, ಉದಾಹರಣೆಗೆ ಎಲ್ಲಿಗೆ ಹೋಗಲಿ? ಮೊದಲ ವಾರ ಬಿತ್ತುವವನ ಸಾಮ್ಯದ ಕಥೆಗೆ, ನಾನು ನಮ್ಮ ಹೂಕುಂಡವನ್ನು ದಿನಾ ನೀರೆರೆದು ಸಾಕಿದ ಕಥೆ ಬರೆದೆ. ಅಡುಗೆಮನೆಯಿಂದ ನಿನ್ನ ಅತ್ತಿಗೆ ಕೇಳಿದಳು, "ಆ ಕುಂಡಕ್ಕೆ ನೀವು ಯಾವತ್ತು ನೀರು ಹಾಕಿದ್ರಿ?" ಸತ್ಯಕ್ಕೆ ಹತ್ತಿರ ಇದ್ದರೆ ಸಾಕು ಮಾರಾಯ್ತಿ ಎಂದೆ.

ನಿನ್ನ ಅಣ್ಣ


ಜೂನ್ 29

ಪ್ರೀತಿಯ ಅಣ್ಣನಿಗೆ,

ನಿನ್ನ ಕಾಗದ ಓದಿ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಊಟ ಮಾಡಿದೆ. ಅತ್ತೆಗೆ ಇನ್ನೂ ಹೇಳಿಲ್ಲ. ಆದರೆ ಹೇಳುತ್ತೇನೆ ಎಂಬ ಧೈರ್ಯ ಬಂದಿದೆ. ಮೊನ್ನೆ ತಲೆ ಬಾಚುವಾಗ "ಅತ್ತೆ, ಅವತ್ತು..." ಎಂದೆ. "ಯಾವತ್ತು?" ಎಂದರು. ಅಷ್ಟರಲ್ಲಿ ಹಾಲಿನವನು ಬಂದ. ಇಲ್ಲಿಯ ತನಕ ಇಷ್ಟು ಹತ್ತಿರ ಬಂದಿರಲಿಲ್ಲ.

ನಮ್ಮ ಸಭಾಪಾಲಕರಿಗೆ ವರ್ಗವಾಯಿತು. ಹೊಸಬರು ಬರುವ ತನಕ ಸಭೆಯ ಹಿರಿಯರಾದ ಬಡಗಿ ಮಾಮ ಏನೋ ಒಂದು ಏರ್ಪಾಟು ಮಾಡಿದ್ದಾರೆ. ಅದರಲ್ಲಿ ನನಗೂ ಒಂದು ಕೆಲಸ ಕೊಟ್ಟಿದ್ದಾರೆ. ಏನೆಂದು ಈಗ ಹೇಳುವುದಿಲ್ಲ. ನೀನು ಬಂದಾಗ ಕಣ್ಣಾರೆ ನೋಡಿ ಮೂಗಿನ ಮೇಲೆ ಬೆರಳಿಡಬೇಕು.

ಸೂಜಿ


ಜುಲೈ 28

ಸೂಜಿಗೆ,

ಎಲ್ಲಿದ್ದೀಯ? ತಿಂಗಳಾಯಿತು ಕಾಗದವಿಲ್ಲ.

ನನ್ನ ಪಾಠಗಳಿಗೆ ಈಗ ಕಾಲು ಬಂದಿವೆ. ಒಂದು ವಾರದ್ದಂತೂ ಜನರನ್ನು ಅಲ್ಲಾಡಿಸಿಬಿಟ್ಟಿತು. ಹನ್ನೆರಡು ಸಭೆಗಳಿಂದ ಕಾಗದ ಬಂದಿವೆ, ಓದುವಾಗ ಹೆಂಗಸರು ಅತ್ತರಂತೆ. ಎಲ್ಲ ಪಾಠ ಸೇರಿಸಿ ಪುಸ್ತಕ ಮಾಡೋಣ ಎಂದು ವಲಯದ ಕಚೇರಿಯವರು ಹೇಳಿದ್ದಾರೆ. ಯಾವ ಪಾಠ ಎಂದು ಬರೆಯುವುದಿಲ್ಲ, ಎದುರಿಗೆ ಸಿಕ್ಕಾಗ ಹೇಳುತ್ತೇನೆ. ನಿನಗೆ ಮಾತ್ರವೇ ಗುಟ್ಟು ಇರಬೇಕೇ?

ಅಣ್ಣ


ಆಗಸ್ಟ್ 17

ಸೂಜಿ,

ಹೋದ ಕಾಗದಕ್ಕೂ ಉತ್ತರವಿಲ್ಲ. ನನಗೆ ಅರ್ಥವಾಗುತ್ತಿದೆ. ಅತ್ತೆಗೆ ಹೇಳಿದ್ದೀಯ, ಅವರು ಸಿಟ್ಟಾಗಿದ್ದಾರೆ, ನೀನು ಕುಗ್ಗಿದ್ದೀಯ. ಹಾಗಿದ್ದರೆ ನೆನಪಿಟ್ಟುಕೋ, ನಿಜ ಹೇಳಿದವಳಿಗೆ ಮೊದಲು ಸಿಗುವುದು ಪೆಟ್ಟೇ. ಸಿಟ್ಟಿನಲ್ಲಿರುವವರಿಗೆ ಇನ್ನೊಂದು ಕೆನ್ನೆ ಕೊಡುವುದು ಹೇಗೆ ಎಂದು ಮುಂದಿನ ವಾರ ಬರೆಯೋಣ ಎಂದುಕೊಂಡಿದ್ದೇನೆ. ಅತ್ತೆಗೆ ಹೇಳಿದೆಯಾ? ಅಷ್ಟಾದರೂ ತಿಳಿಸು.

ಅಣ್ಣ


ಆಗಸ್ಟ್ 24

ಸಭಾಪಾಲಕರಿಗೆ,

ಅತ್ತೆಗೆ ಹೇಳಿದೆಯಾ ಎಂದು ಕೇಳಿದ್ದೀರಿ. ಹೇಳಿದೆ. ಜುಲೈ ಇಪ್ಪತ್ತರ ಭಾನುವಾರ, ಬೆಳಿಗ್ಗೆ ಹತ್ತೂವರೆಗೆ, ಎಪ್ಪತ್ತು ಜನರ ಮುಂದೆ ನಿಂತು, ಗಟ್ಟಿ ದನಿಯಲ್ಲಿ, ಒಂದು ಅಕ್ಷರವೂ ತಪ್ಪದೆ ಹೇಳಿದೆ. ಮಾತು ನಿಮ್ಮವು.

ಬಡಗಿ ಮಾಮನ ಏರ್ಪಾಟು ಏನೆಂದು ಈಗ ಹೇಳುತ್ತೇನೆ. ಪಕ್ಕದ ವಲಯದಲ್ಲಿ ಯಾರೋ ಒಳ್ಳೆಯ ಪಾಠ ಬರೆಯುತ್ತಾರಂತೆ ಎಂದು ಕೇಳಿ ನಮಗೂ ಒಂದು ಪ್ರತಿ ತರಿಸತೊಡಗಿದರು. ನಿಮ್ಮ ಇಪ್ಪತ್ತಾರರ ಮೇಲೆ ಇಪ್ಪತ್ತೇಳನೆಯದು ನಮ್ಮ ಸಭೆ. ಓದುವವಳು ನಾನು. ಅಣ್ಣನ ಮಾತು ನನ್ನ ಬಾಯಲ್ಲಿ ಬರುತ್ತಿದೆ ಎಂದು ಒಳಗೊಳಗೇ ಹಿಗ್ಗಿದ್ದೆ. ನೀವು ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಬೇಕು ಎಂದು ಗುಟ್ಟು ಮಾಡಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪಾಠದ ಲಕೋಟೆಯನ್ನು ಮೊದಲೇ ಒಡೆಯುವಂತಿಲ್ಲ. ಹಿಂದೊಮ್ಮೆ ಓದುವವರು ಯಾರೋ ತಮಗೆ ಹಿಡಿಸದ ಸಾಲುಗಳನ್ನು ಹಾರಿಸಿದ್ದರಂತೆ. ಅಂದಿನಿಂದ ಬಡಗಿ ಮಾಮ ಎಲ್ಲರ ಎದುರಿಗೇ ಲಕೋಟೆ ಒಡೆದು ಕೈಗೆ ಕೊಡುತ್ತಾರೆ, ಓದಿ ಮುಗಿಯುವ ತನಕ ಪಕ್ಕದಲ್ಲೇ ನಿಲ್ಲುತ್ತಾರೆ.

ಅಂದು ಸಮಾರ್ಯದವನ ಸಾಮ್ಯ. ಖುಷಿಯಿಂದಲೇ ಶುರು ಮಾಡಿದೆ. "ಒಂದು ಊರಿನಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು, ಅವಳಿಗೊಬ್ಬ ವಯಸ್ಸಾದ ಅತ್ತೆ" ಎಂಬಲ್ಲಿ ಇದು ನಾನೇ ಎಂದು ತಿಳಿಯಿತು. ನಿಲ್ಲಿಸಿದರೆ ಒಪ್ಪಿಕೊಂಡಂತೆ, ಮುಂದುವರಿಸಿದರೂ ಒಪ್ಪಿಕೊಂಡಂತೆ. ಓದಿದೆ. ಹನ್ನೊಂದು ಸಲ ಕರೆದದ್ದು, ದಾರ ಬದಲಿಸಿದ್ದು, ಪೆಡಲ್ ತುಳಿದದ್ದು, ಬಿದ್ದ ಸದ್ದು ಕೇಳಿಯೂ ಹೊಲಿಗೆಯ ತುದಿ ಮುಟ್ಟಿಸಿದ್ದು. "ಅವಳು ಕೂತಲ್ಲೇ ಕೂತು ಹಾದುಹೋದಳು." ಆ ಸಾಲು ನನ್ನದು. ಅಳುತ್ತಾ ಬರೆದದ್ದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ನಮ್ಮ ಸಭೆಯಲ್ಲಿ ಬಟ್ಟೆ ಹೊಲಿಯುವುದು ಒಬ್ಬಳೇ. ಬಿದ್ದು ಸೊಂಟ ಮುರಿದುಕೊಂಡ ಅತ್ತೆ ಇರುವುದೂ ಒಂದೇ ಮನೆಯಲ್ಲಿ. ಮೊದಲು ಒಬ್ಬರು ತಲೆ ಎತ್ತಿದರು, ಆಮೇಲೆ ಬೆಂಚು ಬೆಂಚೇ ತಲೆ ತಗ್ಗಿಸಿತು. ಅತ್ತೆ ಮಾತ್ರ ಮುಂದಿನ ಬೆಂಚಿನ ತುದಿಯಲ್ಲಿ ಕೋಲು ಹಿಡಿದು ಕೂತು ಕೊನೆಯ ತನಕ ನನ್ನ ಮುಖವನ್ನೇ ನೋಡಿದರು. ಪ್ರತಿ ವಾರ ಓದು ಮುಗಿದಾಗ ಪಕ್ಕದವರಿಗೆ "ನಮ್ಮ ಹುಡುಗಿ" ಎನ್ನುತ್ತಿದ್ದರು. ಅಂದು ಎನ್ನಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಾ ಕೇಳಿದರು.

"ಆ ಕಥೇಲಿ ಕೊನೇಗೆ ಸೊಸೆ ಅತ್ತೆ ಕಾಲು ಹಿಡ್ಕೊಂಡು ಅತ್ತು ಕ್ಷಮೆ ಕೇಳಿದ್ಲಲ್ಲ. ಅತ್ತೆ ಅವಳನ್ನ ತಬ್ಕೊಂಡ್ಲಲ್ಲ."

"ಹೂಂ ಅತ್ತೆ."

"ಅದು ಯಾವತ್ತು? ನಂಗೆ ನೆನಪೇ ಆಗ್ತಿಲ್ಲ."

ಅವರು ಕೋಲು ಊರಿಕೊಂಡು ಕೋಣೆಗೆ ಹೋದರು.

ಮರುದಿನದಿಂದ ಅವರು ನನ್ನನ್ನು ಕರೆಯುವುದಿಲ್ಲ. ಒಂದು ಸಲವೂ ಇಲ್ಲ. ಬಡಗಿ ಮಾಮನಿಗೆ ಹೇಳಿ ಕಳಿಸಿ, ಹಾಸಿಗೆಯಿಂದ ಬಚ್ಚಲ ತನಕ ಗೋಡೆಗೆ ಮರದ ಕೈಪಟ್ಟಿ ಹೊಡೆಸಿಕೊಂಡರು. "ಇನ್ನು ಯಾರನ್ನೂ ಕರೀಬೇಕಾಗಿಲ್ಲ ನೋಡು" ಎಂದು ಮಾಮನಿಗೇ ಹೇಳಿದರು, ನನಗೆ ಕೇಳಿಸುವ ಹಾಗೆ. ತಲೆಯನ್ನೂ ತಾವೇ ಬಾಚಿಕೊಳ್ಳುತ್ತಾರೆ. ಹಿಂದಿನ ಸಿಕ್ಕು ಕೈಗೆ ಸಿಗುವುದಿಲ್ಲ, ಹಾಗೆಯೇ ಬಿಡುತ್ತಾರೆ.

ಇವರು ಮೂರು ದಿನದ ಮೇಲೆ ಡ್ಯೂಟಿಯಿಂದ ಬರುವಷ್ಟರಲ್ಲಿ ಸ್ಟೇಷನ್ನಿನಲ್ಲೇ ಯಾರೋ ಹೇಳಿ ಮುಗಿಸಿದ್ದರು. ಅಮ್ಮನ ಊಟದ ತಟ್ಟೆಯನ್ನು ತಾವೇ ಒಳಗೆ ಒಯ್ದರು.

ಹೆಂಗಸರು ಅತ್ತರಂತೆ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ.

ದರ್ಜಿ


ಸೆಪ್ಟೆಂಬರ್ 2

ಸೂಜಿ,

ನೀನು ನನಗೆ "ನೀವು" ಎಂದು ಬರೆದದ್ದೊಂದೇ ಸಾಕಿತ್ತು, ಉಳಿದದ್ದು ಬರೆಯಬೇಕಿರಲಿಲ್ಲ.

ಆದರೂ ಹೇಳಬೇಕಾದ್ದನ್ನು ಹೇಳುತ್ತೇನೆ. ನಿಮ್ಮ ಸಭೆಗೆ ನನ್ನ ಪಾಠ ಬರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನೀನು ಗುಟ್ಟು ಮಾಡದೆ ಒಂದು ಮಾತು ತಿಳಿಸಿದ್ದರೆ ಇದು ಆಗುತ್ತಿರಲಿಲ್ಲ. ನಾನು ಹೆಸರು ಹಾಕಿಲ್ಲ, ಊರು ಹಾಕಿಲ್ಲ. ಆ ಕೊನೆಯನ್ನು ಒಳ್ಳೆಯದಕ್ಕೇ ಬರೆದೆ. ಹಾಗೆಯೇ ಆಗಲಿ ಎಂಬ ನನ್ನ ಪ್ರಾರ್ಥನೆ ಅದು. ಕೇಳಿದ ಜನ ಸಮಾಧಾನದಿಂದ ಮನೆಗೆ ಹೋಗಬೇಕಲ್ಲ.

ಒಬ್ಬ ಹೆಂಗಸು ಬರೆದಿದ್ದಾಳೆ, ಆ ಪಾಠ ಕೇಳಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ತಾಯಿಯ ಮನೆಗೆ ಹೋದಳಂತೆ. ನಿನ್ನ ನೋವಿನಿಂದ ಇನ್ನೊಂದು ಮನೆಗೆ ಬೆಳಕಾಯಿತು. ಅದನ್ನೂ ಸ್ವಲ್ಪ ನೋಡು.

ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಪೇತ್ರನು ಕೇಳಿದಾಗ ಏಳೆಪ್ಪತ್ತು ಸಾರಿ ಎಂದು ಕರ್ತನು ಹೇಳಿದ. ನಾನು ಕೇಳುತ್ತಿರುವುದು ಒಂದೇ ಸಾರಿ.

ಅಣ್ಣ


ಸೆಪ್ಟೆಂಬರ್ 10

ಸಭಾಪಾಲಕರಿಗೆ,

ಏಳೆಪ್ಪತ್ತರ ಎಣಿಕೆ ಪೆಟ್ಟು ತಿಂದವರ ಕೈಯಲ್ಲಿರಬೇಕು. ಕೊಟ್ಟವರು ಅದನ್ನು ಹಿಡಿದುಕೊಂಡು ಬಾಗಿಲು ಬಡಿಯಬಾರದು.

ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ಏನಿದೆ ಎಂದು ನಿಮಗೆ ನಾನು ಹೇಳಿಕೊಡಬೇಕೇ? ತಪ್ಪಿದವರ ಬಳಿ ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಸಭೆಗೆ ತಿಳಿಸುವುದು ಕಟ್ಟಕಡೆಗೆ. ನಾನು ಕೇಳದೆ ಇದ್ದವಳೂ ಅಲ್ಲ. ನಾನೇ ಬಂದು ಹೇಳಿಕೊಂಡವಳು. ನೀವು ನೇರವಾಗಿ ಇಪ್ಪತ್ತಾರು ಸಭೆಗೆ ಹೋದಿರಿ.

ನನ್ನ ತಪ್ಪನ್ನು ಕದ್ದಿರಿ, ಹೋಗಲಿ. ನಾನು ಕೇಳಬೇಕಿದ್ದ ಕ್ಷಮೆಯನ್ನೂ ಕದ್ದಿರಿ. ಅದಕ್ಕೆ ನನ್ನ ಸಂಕಟ. ಇಂದು ನಾನು ಅತ್ತೆಯ ಕಾಲು ಹಿಡಿದರೆ, ಪಾಠದಲ್ಲಿ ಬರೆದ ಹಾಗೆ ಮಾಡಿದಳು ಎಂದಾಗುತ್ತದೆ. ಅತ್ತರೆ, ಇದೂ ಅಚ್ಚಾಗಿತ್ತಲ್ಲ ಎಂದಾಗುತ್ತದೆ. ನನಗೆ ಅಂತ ಇದ್ದದ್ದು ಅದೊಂದೇ ಮಾತು. ಅದನ್ನು ನೀವು ಮೊದಲೇ ಆಡಿ ಮುಗಿಸಿದಿರಿ, ಅದೂ ಸುಳ್ಳಾಗಿ.

ಒಂದು ಪ್ರಶ್ನೆ. ಕಾಗದವನ್ನು ಹರಿದು ಒಲೆಗೆ ಹಾಕಿದೆ ಎಂದು ಬರೆದಿದ್ದಿರಿ. ಅತ್ತೆ ಹನ್ನೊಂದು ಸಲ ಕರೆದದ್ದು ಕೂಡ ನಿಮಗೆ ಹಾಗೇ ನೆನಪಿತ್ತೇ?

ಅಮ್ಮ ಹೇಳುತ್ತಿದ್ದಳು, "ಇವನ ಹೊಟ್ಟೇಲಿ ಊಟ ನಿಲ್ಲುತ್ತೆ, ಮಾತು ನಿಲ್ಲಲ್ಲ" ಎಂದು. ಚಿಕ್ಕವಳಿದ್ದಾಗ ನಾನು ನಗುತ್ತಿದ್ದೆ.

ದರ್ಜಿ


ಸೆಪ್ಟೆಂಬರ್ 21

ತಂಗಿಗೆ,

ನೆನಪಿರಲಿಲ್ಲ. ಒಲೆಗೆ ಹಾಕಿದ್ದು ನಿಜ. ಹಾಕುವ ಮೊದಲು ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಎರಡು ಸಲ ಓದಿದೆ ಎಂದು ಬರೆದಿದ್ದೆನಲ್ಲ. ಮೊದಲ ಸಲ ಅಣ್ಣನಾಗಿ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ.

ಹಿಂದಿನ ಕಾಗದದಲ್ಲಿ ಬರೆದ ಸಬೂಬುಗಳನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಅವಳು ಪಾತ್ರೆ ಒರೆಸುತ್ತಾ ಕೇಳಿದಳು. "ಹೂಕುಂಡಕ್ಕಾದ್ರೆ ಬಾಯಿಲ್ಲ" ಎಂದಳು.

ಪೇತ್ರನು ಅವರಿವರ ಮುಂದೆ, ಚಳಿ ಕಾಯಿಸಿಕೊಳ್ಳುತ್ತಾ, ತನ್ನ ಕರ್ತನನ್ನೇ ನನಗೆ ಗೊತ್ತಿಲ್ಲ ಎಂದ. ಆ ಭಾಗದ ಮೇಲೆ ನಾನು ನಾಲ್ಕು ಸಲ ಪ್ರಸಂಗ ಮಾಡಿದ್ದೇನೆ. ನಾಲ್ಕು ಸಲವೂ ಪೇತ್ರನ ಬಗ್ಗೆ ಮರುಕಪಟ್ಟು ಮಾತಾಡಿದೆ. ನನ್ನ ಬಗ್ಗೆ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಮುಂದಿನ ವಾರದ ಪಾಠದಲ್ಲಿ ಇದನ್ನೇ ಬರೆಯುತ್ತೇನೆ. ತಂಗಿಯ ಗುಟ್ಟನ್ನು ಮಾರಿಕೊಂಡ ಒಬ್ಬ ಸಭಾಪಾಲಕನ ಕಥೆ. ಈ ಸಲ ನನ್ನ ಹೆಸರು ಹಾಕುತ್ತೇನೆ. ನಿಮ್ಮ ಸಭೆಯಲ್ಲೂ ಓದಲಿ, ಅತ್ತೆಯೂ ಕೇಳಲಿ.

ಅಣ್ಣ


ಸೆಪ್ಟೆಂಬರ್ 26
(ಕಾರ್ಡು)

ಬರೆಯಬೇಡ. ಅದಕ್ಕೂ ನನ್ನ ಮನೆಯೇ ಉದಾಹರಣೆ. ನಿನ್ನ ಪಶ್ಚಾತ್ತಾಪಕ್ಕೂ ನನ್ನ ಅತ್ತೆಯೇ ಬೀಳಬೇಕೇ?


ಅಕ್ಟೋಬರ್ 12

ತಂಗಿಗೆ,

ಬರೆಯಲಿಲ್ಲ. ಬರೆದಿಟ್ಟಿದ್ದೆ, ಚೆನ್ನಾಗಿಯೂ ಬಂದಿತ್ತು. ಚೆನ್ನಾಗಿ ಬಂದಿದೆ ಎಂದು ನನಗೇ ಅನ್ನಿಸಿದಾಗ ಹೆದರಿಕೆಯಾಯಿತು.

ನೋಟ್‌ಬುಕ್ ಒಲೆಗೆ ಹಾಕಿದೆ. ನಿನ್ನ ಅತ್ತಿಗೆ ಪಕ್ಕದಲ್ಲಿ ನಿಂತು ನೋಡಿದಳು, ನಾನು ಹೇಳಿದರೆ ನೀನು ನಂಬುವುದಿಲ್ಲ ಎಂದು ಅವಳನ್ನು ಕರೆದೆ. ಪುಸ್ತಕ ಬೇಡ ಎಂದು ಕಚೇರಿಗೆ ತಿಳಿಸಿದ್ದೇನೆ. ಪಾಠದಲ್ಲಿ ಈಗ ಸುವಾರ್ತೆಯ ಭಾಗ ಮಾತ್ರ ಇರುತ್ತದೆ. ಈ ನಡುವೆ ಪಾಠ ಸಪ್ಪೆಯಾಗಿದೆ ಎಂದು ಮೂರು ಸಭೆಗಳವರು ಬರೆದಿದ್ದಾರೆ.

ಕ್ಷಮೆ ಕೇಳುವ ಧೈರ್ಯವಿಲ್ಲ. ಒಂದೇ ಕೇಳುತ್ತೇನೆ. ಅತ್ತೆ ಈಗಲಾದರೂ ನಿನ್ನನ್ನು ಕರೆಯುತ್ತಾರೆಯೇ?

ಅಣ್ಣ


ನವೆಂಬರ್ 9

ಅಣ್ಣನಿಗೆ,

ಕರೆದರು. ಹೋದ ಮಂಗಳವಾರ, ಮಧ್ಯಾಹ್ನ.

ಓದುವ ಕೆಲಸವನ್ನು ನಾನು ಬಿಟ್ಟಿಲ್ಲ. ಬಿಡುತ್ತೇನೆ ಎಂದು ಬಡಗಿ ಮಾಮನಿಗೆ ಹೇಳಿದ್ದೆ. ಅವರು ಕೈಪಟ್ಟಿಯ ಮೊಳೆ ಬಿಗಿ ಮಾಡುತ್ತಿದ್ದರು. ಒಳಗಿನಿಂದ ಅತ್ತೆ, ನನಗಲ್ಲ, ಅವರಿಗೆ ಹೇಳಿದರು: "ಬಿಡೋದೇನು ಬೇಡ. ಅವಳಷ್ಟು ಚೆನ್ನಾಗಿ ಯಾರು ಓದ್ತಾರೆ." ಹಾಗಾಗಿ ವಾರವಾರ ನಿನ್ನ ಸಪ್ಪೆ ಪಾಠ ಓದುತ್ತಿದ್ದೇನೆ. ಇಲ್ಲಿ ಯಾರೂ ದೂರಿಲ್ಲ.

ಮಂಗಳವಾರ ಒಂದು ಕೋಟಿನ ತೋಳು ಹೊಲಿಯುತ್ತಿದ್ದೆ. ಯಂತ್ರ ಜೋರಾಗಿ ಓಡುತ್ತಿತ್ತು, ನಿಜವಾಗಿಯೂ ಕೇಳಿಸದೆ ಹೋಗಬಹುದಿತ್ತು. ಆದರೆ ಮೂರು ತಿಂಗಳಿನಿಂದ ಒಂದು ಕಿವಿಯನ್ನು ಆ ಕೋಣೆಯಲ್ಲೇ ಇಟ್ಟು ಹೊಲಿಯುತ್ತಿದ್ದೇನೆ. ತೋಳನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಅತ್ತೆ ಹಾಸಿಗೆಯ ಮೇಲೆ ಕೂತಿದ್ದರು. ಲೋಟದಲ್ಲಿ ನೀರಿತ್ತು. ಕಿಟಕಿ ಹಾಕಿತ್ತು. ಕನ್ನಡಕ ಮೂಗಿನ ಮೇಲಿತ್ತು. ಕೈಪಟ್ಟಿ ಕೈಗೆಟುಕುವಷ್ಟು ಹತ್ತಿರವೇ ಇತ್ತು. ನನ್ನಿಂದ ಆಗಬೇಕಾದ ಕೆಲಸ ಆ ಕೋಣೆಯಲ್ಲಿ ಒಂದೂ ಕಾಣಲಿಲ್ಲ.

"ಕೇಳಿಸ್ತಾ?" ಎಂದರು.

"ಕೇಳಿಸ್ತು ಅತ್ತೆ. ಅವತ್ತೂ ಕೇಳಿಸಿತ್ತು."

ಅಲ್ಲಿಂದ ಮುಂದೆ ಅವರು ಏನು ಹೇಳಿದರು, ನಾನು ಏನು ಹೇಳಿದೆ, ಯಾರು ಅತ್ತರು, ಅತ್ತರೋ ಇಲ್ಲವೋ, ಅದನ್ನು ನಿನಗೆ ಬರೆಯುವುದಿಲ್ಲ. ನೀನು ಕೇಳಿದ್ದಕ್ಕೆ ಇಷ್ಟು ಬರೆದೆ. ಇದರ ಕೊನೆ ನಮ್ಮಿಬ್ಬರ ಹತ್ತಿರವೇ ಇರಲಿ.

ನಿನ್ನನ್ನು ಕ್ಷಮಿಸಬೇಕು ಎಂದು ಬರೆದಿದೆ, ಎಷ್ಟು ಸಾರಿ ಎಂದೂ ಬರೆದಿದೆ. ಕ್ಷಮಿಸಿದ್ದೇನೆ, ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತೇನೆ. ನಂಬಬೇಕು ಎಂದು ಮಾತ್ರ ಎಲ್ಲೂ ಬರೆದಿಲ್ಲ. ಹುಡುಕಿ ನೋಡಿದೆ.

ಕಾಗದ ತಪ್ಪದೆ ಬರೆಯುತ್ತಿರುತ್ತೇನೆ. ಇಲ್ಲಿ ಈ ವಾರ ಗಾಳಿ ಜೋರು. ಬಟ್ಟೆ ಬೇಗ ಒಣಗುತ್ತಿದೆ. ಎಲ್ಲರೂ ಕ್ಷೇಮ.

ತಂಗಿ